ಚೀಟಿ ಮೊದಲೋ, ಚಿತ್ರ ಮೊದಲೋ: ಆರು ವಾರದ ಒಂದು ಕಲಾ ಕೋರ್ಸ್ ಬಗ್ಗೆ

ನಾನು ಚಿತ್ರಗಳಿಗೆ ಫ್ರೇಮ್ ಹಾಕುವವಳು. ಈ ಕೆಲಸಕ್ಕೆ ಇಳಿದು 26 ವರ್ಷ ಆಯಿತು. ಎಲ್ಲರೂ ಚಿತ್ರದ ಮುಖ ನೋಡುತ್ತಾರೆ. ಅದರ ಬೆನ್ನು ನೋಡುವವರು ನಾವು. ಕೆಲಸ ಮುಗಿದ ಮೇಲೆ ಬೆನ್ನಿಗೆ ಒಂದು ಚೀಟಿ ಅಂಟಿಸುತ್ತೇವೆ. ಹೆಸರು, ವರ್ಷ, ಅಳತೆ, ಯಾವ ಬಣ್ಣ, ಯಾವ ಕಾಗದ. ಅಷ್ಟೇ.

ಹೋದ ವರ್ಷ ಒಂದೇ ವಾರದಲ್ಲಿ ಇಬ್ಬರು ಕಲಾವಿದರು ಬಂದರು. ಮೊದಲನೆಯವರು ಆರು ಚಿತ್ರ ತಂದಿದ್ದರು. ಚೀಟಿಯಲ್ಲಿ ತಮ್ಮ ಹೆಸರಿಗಿಂತ ಮುಂಚೆ ತಮ್ಮ ಸಮುದಾಯದ ಹೆಸರು ಬರಬೇಕು ಎಂದರು. "ಅದನ್ನ ಓದದೆ ನೋಡಿದ್ರೆ ನನ್ನ ಚಿತ್ರ ಅರ್ಧ ಮಾತ್ರ ಕಾಣುತ್ತೆ ಮೇಡಂ" ಎಂದರು. ಎರಡು ದಿನ ಬಿಟ್ಟು ಬಂದ ಇನ್ನೊಬ್ಬರು ಚೀಟಿಯೇ ಬೇಡ ಎಂದರು. "ನಾನು ಯಾರು ಅಂತ ಗೊತ್ತಾದ ತಕ್ಷಣ ಜನ ಚಿತ್ರ ಬಿಟ್ಟು ನನ್ನನ್ನೇ ನೋಡೋಕೆ ಶುರು ಮಾಡ್ತಾರೆ" ಎಂದರು. ಇಬ್ಬರ ಮಾತೂ ನನಗೆ ನಿಜ ಅನ್ನಿಸಿತು. ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತೆ ಎನ್ನುವುದು ಮಾತ್ರ ತಿಳಿಯಲಿಲ್ಲ.

ಆ ಗೊಂದಲದಲ್ಲೇ ಈ ಕೋರ್ಸ್ ಸೇರಿದೆ. ಸಮಕಾಲೀನ ಕಲೆಯಲ್ಲಿ ಗುರುತು ಮತ್ತು ರಾಜಕೀಯ ಎನ್ನುವುದು ವಿಷಯ. ಎಲ್ಲವೂ ಆನ್‌ಲೈನ್. ಆರು ವಾರ, ವಾರಕ್ಕೆ ನಾಲ್ಕು ವಿಡಿಯೊ. ಒಂದೊಂದೂ ಹೆಚ್ಚುಕಡಿಮೆ 15 ನಿಮಿಷ. ವಾರದ ಕೊನೆಗೆ ಒಂದು ಗಂಟೆ ನೇರ ಮಾತುಕತೆ. ಜೊತೆಗೆ 300 ಪದಗಳ ಒಂದು ಬರಹ. ನಡೆಸುವುದು ಒಂದು ಸಣ್ಣ ತಂಡ. ಅವರ ಹೆಸರು ಇಲ್ಲಿ ಹಾಕುತ್ತಿಲ್ಲ. ನನಗೆ ಕಂಡ ಕೊರತೆಗಳನ್ನು ಅವರಿಗೇ ಬರೆದು ಕಳಿಸಿದ್ದೇನೆ. ಇದನ್ನು ಬರೆಯುತ್ತಿರುವುದು ಇಂಥ ಕೋರ್ಸ್ ಸೇರೋಣವಾ ಬೇಡವಾ ಅಂತ ಯೋಚಿಸುತ್ತಿರುವವರಿಗಾಗಿ. ಒಳಗೆ ಏನಿರುತ್ತೆ, ಸೇರುವ ಮುಂಚೆ ಏನು ಕೇಳಬೇಕು ಅಂತ ತಿಳಿಯಲಿ ಎಂದು.

ಒಂದು ಪದದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಪುಸ್ತಕಗಳಲ್ಲಿ ಇದನ್ನು ಅಸ್ಮಿತೆ ಎನ್ನುತ್ತಾರೆ. ನಾನು ಗುರುತು ಎಂದೇ ಬರೆಯುತ್ತೇನೆ. ನಮ್ಮ ಕೆಲಸದಲ್ಲಿ ಗುರುತು ಎಂದರೆ ಮೌಂಟ್ ಬೋರ್ಡಿನ ಮೇಲೆ, ಅಂದರೆ ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟಿನ ಮೇಲೆ, ಪೆನ್ಸಿಲಿನಲ್ಲಿ ಹಾಕುವ ಗೆರೆ. ಎಲ್ಲಿ ಕತ್ತರಿಸಬೇಕು ಎಂದು ಹೇಳುವ ಗೆರೆ. ಆ ಗೆರೆ ಹಾಕುವುದು ಯಾರ ಕೈ ಎನ್ನುವ ಪ್ರಶ್ನೆ ಆರು ವಾರವೂ ನನ್ನ ತಲೆಯಲ್ಲಿತ್ತು.

ಮೊದಲ ವಾರ ನನಗೆ ನಿರಾಸೆ ಆಯಿತು. ವಿಷಯ ಚೆನ್ನಾಗಿರಲಿಲ್ಲ ಅಂತಲ್ಲ. ತುಂಬ ಒಳ್ಳೆಯ ಕೃತಿಯನ್ನು ತಪ್ಪು ಕ್ರಮದಲ್ಲಿ ತೋರಿಸಿದರು. ಅದು ಅಮೆರಿಕದ ಕಲಾವಿದೆ ಏಡ್ರಿಯನ್ ಪೈಪರ್ ಅವರ ಒಂದು ಪುಟ್ಟ ಕಾರ್ಡ್. 1986ರಿಂದ 1990ರವರೆಗಿನ ಕೆಲಸ. ಅಳತೆಯಲ್ಲಿ ವಿಸಿಟಿಂಗ್ ಕಾರ್ಡಿನಷ್ಟೇ. ಪೈಪರ್ ಕಪ್ಪು ಕುಟುಂಬದವರು, ಆದರೆ ಅವರ ಮೈಬಣ್ಣ ತಿಳಿ. ಹಾಗಾಗಿ ಎಷ್ಟೋ ಜನ ಅವರನ್ನು ಬಿಳಿಯರು ಅಂದುಕೊಂಡು ಅವರ ಎದುರಿಗೇ ಕಪ್ಪು ಜನರ ಬಗ್ಗೆ ಕೀಳಾಗಿ ಮಾತಾಡುತ್ತಿದ್ದರು. ಆಗ ಪೈಪರ್ ಜಗಳಕ್ಕೆ ಹೋಗುತ್ತಿರಲಿಲ್ಲ. ಸುಮ್ನೆ ಒಂದು ಕಾರ್ಡ್ ತೆಗೆದು ಆ ವ್ಯಕ್ತಿಯ ಕೈಗೆ ಕೊಡುತ್ತಿದ್ದರು. ನಾನು ಕಪ್ಪು, ಆ ಮಾತು ಆಡುವಾಗ ನಿಮಗೆ ಇದು ಗೊತ್ತಿರಲಿಲ್ಲ ಅಂದುಕೊಂಡಿದ್ದೇನೆ ಎಂಬ ಅರ್ಥದ ಸಾಲು ಅದರಲ್ಲಿತ್ತು. ನನ್ನಿಂದ ನಿಮಗಾದ ಮುಜುಗರಕ್ಕೆ ನನಗೆ ಬೇಸರವಿದೆ, ನಿಮ್ಮಿಂದ ನನಗಾದ ಮುಜುಗರಕ್ಕೆ ನಿಮಗೂ ಬೇಸರ ಇರುತ್ತದೆ ಎಂದು ನಂಬುತ್ತೇನೆ ಎಂಬ ಅರ್ಥದಲ್ಲಿ ಅದು ಮುಗಿಯುತ್ತಿತ್ತು.

ಈ ಕಾರ್ಡಿನ ಜೀವ ಇರುವುದೇ ಎದುರಿನವರಿಗೆ ಗೊತ್ತಿಲ್ಲದಿರುವುದರಲ್ಲಿ, ಅಲ್ವಾ? ಗೊತ್ತಾಗುವ ಕ್ಷಣವೇ ಅಲ್ಲಿ ಕೃತಿ. ಆದರೆ ವಿಡಿಯೊದಲ್ಲಿ ಮೊದಲು ಪೈಪರ್ ಅವರ ಫೋಟೊ ಬಂತು. ಆಮೇಲೆ ಅವರು ಯಾವ ಜನಾಂಗದವರು, ಎಲ್ಲಿ ಓದಿದರು, ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದದ್ದು, ಎಲ್ಲವೂ ನಾಲ್ಕು ನಿಮಿಷ. ಕಾರ್ಡ್ ಕಂಡದ್ದು ಅದಾದ ಮೇಲೆ. ಅಷ್ಟು ಹೊತ್ತಿಗೆ ನಮಗೆ ಎಲ್ಲ ತಿಳಿದುಹೋಗಿತ್ತು. ಕಾರ್ಡ್ ಕೈಗೆ ಬಂದವನ ಜಾಗದಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ. ಕೊಟ್ಟವರ ಪಕ್ಕದಲ್ಲಿ ಆರಾಮಾಗಿ ನಿಂತು ಅವನನ್ನು ನೋಡಿದೆವು. ನಾನೂ ಎಂದಾದರೂ ಅಂಥ ಮಾತಿಗೆ ನಕ್ಕಿದ್ದೇನಾ ಎಂದು ಕೇಳಿಕೊಳ್ಳುವ ಪ್ರಮೇಯವೇ ಬರಲಿಲ್ಲ. ಮೊದಲ ವಾರದ ನಾಲ್ಕೂ ವಿಡಿಯೊಗಳು ಇದೇ ಥರ. ಮೊದಲ ಸ್ಲೈಡಿನಲ್ಲಿ ಕಲಾವಿದರ ಗುರುತು, ಐದನೆಯದರಲ್ಲಿ ಕೃತಿ.

ಅಲ್ಲಿಗೇ ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಬಿಡದಿದ್ದದ್ದು ಒಳ್ಳೆಯದಾಯಿತು. ಯಾಕೆಂದರೆ ಎರಡನೇ ವಾರ ಬೇರೆ ಟೀಚರ್ ಬಂದರು.

ಅವರು ಬಂದವರೇ ಏನೂ ಹೇಳಲಿಲ್ಲ. ಪರದೆಯ ಮೇಲೆ ಒಂದು ಫೋಟೊ ಹಾಕಿ ಪೂರ್ತಿ ಒಂದು ನಿಮಿಷ ಸುಮ್ಮನಿದ್ದರು. ಒಂದು ಗಾಜಿನ ಪೆಟ್ಟಿಗೆ. ಒಳಗೆ ಬೆಳ್ಳಿಯ ಹೂಜಿಗಳು, ಬೆಳ್ಳಿಯ ಲೋಟಗಳು. ತುಂಬ ನಾಜೂಕಾದ ಕುಸುರಿ. ನಾನು ಕೆಲಸದ ಮೇಜಿನ ಮೇಲೆ ಫೋನ್ ಒರಗಿಸಿ ನೋಡುತ್ತಿದ್ದೆ. ಸುಮಾರು ಅರ್ಧ ನಿಮಿಷ ಆದ ಮೇಲೆ ಬೆಳ್ಳಿಯ ನಡುವೆ ಇನ್ನೇನೋ ಇರುವುದು ಕಂಡಿತು. ಕಬ್ಬಿಣದ ಬೇಡಿ. ಗುಲಾಮರಿಗೆ ಹಾಕುತ್ತಿದ್ದದ್ದು. ಆಮೇಲೆ ಟೀಚರ್ ಪೆಟ್ಟಿಗೆಯ ಚೀಟಿ ತೋರಿಸಿದರು. ಲೋಹದ ಕೆಲಸ, 1793–1880. ಅಷ್ಟೇ ಇತ್ತು ಅದರಲ್ಲಿ.

ಅದು ಫ್ರೆಡ್ ವಿಲ್ಸನ್ ಅವರ ಕೆಲಸ. 1992ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರಿನಲ್ಲಿ, ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿಯ ಮ್ಯೂಸಿಯಮ್ಮಿನಲ್ಲಿ ನಡೆದ ಪ್ರದರ್ಶನ. ವಿಲ್ಸನ್ ಅಲ್ಲಿಗೆ ಹೊರಗಿನಿಂದ ಚಿತ್ರ ಬರೆದುಕೊಂಡು ಹೋಗಲಿಲ್ಲ. ಆ ಮ್ಯೂಸಿಯಮ್ಮಿನ ಉಗ್ರಾಣದಲ್ಲಿ ಇದ್ದದ್ದನ್ನೇ ತೆಗೆದು ಬೇರೆ ಥರ ಜೋಡಿಸಿದರು. ಬೆಳ್ಳಿಯೂ ಬೇಡಿಯೂ ಅಲ್ಲೇ ಇದ್ದವು. ಒಂದೇ ಪೆಟ್ಟಿಗೆಯಲ್ಲಿ ಇಟ್ಟಿರಲಿಲ್ಲ, ಅಷ್ಟೇ. ಚೀಟಿಯಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಎರಡೂ ಲೋಹದ ಕೆಲಸವೇ. ಎರಡೂ ಒಂದೇ ಕಾಲದವು. ಹೂಜಿ ಹಿಡಿದು ಬಡಿಸಿದ ಕೈ ಯಾವುದು, ಬೇಡಿ ಹಾಕಿಸಿಕೊಂಡ ಕೈ ಯಾವುದು ಎಂದು ನೋಡುವವರೇ ಹೇಳಿಕೊಳ್ಳಬೇಕು.

ಅದೇ ಪ್ರದರ್ಶನದ ಇನ್ನೊಂದು ಮೂಲೆಯನ್ನೂ ತೋರಿಸಿದರು. ಮೂರು ಪೀಠಗಳ ಮೇಲೆ ಮೂರು ಅರ್ಧಪ್ರತಿಮೆ. ನೆಪೋಲಿಯನ್, ಅಮೆರಿಕದ ರಾಜಕಾರಣಿಗಳಾದ ಹೆನ್ರಿ ಕ್ಲೇ, ಆಂಡ್ರ್ಯೂ ಜಾಕ್ಸನ್. ಮೂವರಲ್ಲಿ ಯಾರೂ ಮೇರಿಲ್ಯಾಂಡಿನವರಲ್ಲ. ಪಕ್ಕದಲ್ಲಿ ಮೂರು ಕಪ್ಪು ಪೀಠಗಳು, ಮೇಲೆ ಏನೂ ಇಲ್ಲ. ಹೆಸರು ಮಾತ್ರ ಇದೆ. ಹ್ಯಾರಿಯೆಟ್ ಟಬ್ಮನ್, ಫ್ರೆಡರಿಕ್ ಡಗ್ಲಸ್, ಬೆಂಜಮಿನ್ ಬ್ಯಾನೆಕರ್. ಮೂವರೂ ಅದೇ ನೆಲದಲ್ಲಿ ಹುಟ್ಟಿದ ಹೆಸರಾಂತ ಕಪ್ಪು ಜನ. ಅವರ ಪ್ರತಿಮೆ ಆ ಮ್ಯೂಸಿಯಮ್ಮಿನಲ್ಲಿ ಇರಲಿಲ್ಲ. ಚಿತ್ರವಿಲ್ಲದ ಖಾಲಿ ಫ್ರೇಮ್ ನಾನು ಎಷ್ಟೋ ನೋಡಿದ್ದೇನೆ. ಆದರೆ ಹೆಸರಿನ ಚೀಟಿ ಮಾತ್ರ ಇದ್ದು ಮೇಲೆ ಏನೂ ಇಲ್ಲದ್ದನ್ನು ನೋಡಿದಾಗ ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು.

ಆಮೇಲೆ ಜೇಮ್ಸ್ ಲೂನಾ, ಅಮೆರಿಕದ ಮೂಲನಿವಾಸಿ ಕಲಾವಿದ. 1987ರಲ್ಲಿ ಸ್ಯಾನ್ ಡಿಯೇಗೊದ ಒಂದು ಮ್ಯೂಸಿಯಮ್ಮಿನಲ್ಲಿ, ಅಮೆರಿಕದ ಮೂಲನಿವಾಸಿಗಳ ವಸ್ತುಗಳ ನಡುವೆ, ಇವರು ತಾವೇ ಪ್ರದರ್ಶನದ ಪೆಟ್ಟಿಗೆಯಲ್ಲಿ ಮರಳಿನ ಮೇಲೆ ಮಲಗಿದರು. ಮೈಮೇಲೆ ಸೊಂಟದ ಬಟ್ಟೆ ಮಾತ್ರ. ಸುತ್ತ ಚೀಟಿಗಳು. ಮೈಮೇಲಿನ ಗಾಯದ ಕಲೆಗಳು ಹೇಗೆ ಆದವು ಎಂದು ಅವುಗಳಲ್ಲಿ ಬರೆದಿತ್ತು. ಇನ್ನೊಂದು ಪೆಟ್ಟಿಗೆಯಲ್ಲಿ ಅವರ ಸ್ವಂತ ವಸ್ತುಗಳು. ಕೇಳುತ್ತಿದ್ದ ಹಾಡಿನ ರೆಕಾರ್ಡುಗಳು, ಫೋಟೊಗಳು, ವಿಚ್ಛೇದನದ ಕಾಗದ. ನೋಡಲು ಬಂದವರು ಅವರು ಸತ್ತ ವಸ್ತುವೇನೋ ಎಂಬಂತೆ ಎದುರಿಗೇ ನಿಂತು ಮಾತಾಡಿಕೊಂಡರಂತೆ. ಅವರು ಉಸಿರಾಡುವುದು ಕಂಡಾಗ ಬೆಚ್ಚಿದರಂತೆ. ಇಲ್ಲಿ ಚೀಟಿ ಬರೆದವರೂ ಅವರೇ, ಚೀಟಿಯ ಕೆಳಗೆ ಮಲಗಿದವರೂ ಅವರೇ. ಬೇರೆಯವರು ತನ್ನ ಜನದ ಮೇಲೆ ಹಾಕಿದ ಗೆರೆಯನ್ನು ತನ್ನ ಕೈಯಿಂದಲೇ ಇನ್ನೊಮ್ಮೆ ಎಳೆದು ತೋರಿಸಿದ ಹಾಗೆ.

ಎರಡನೇ ವಾರದ ಈ ಎರಡು ವಿಡಿಯೊಗಳಿಗಾಗಿ ಮಾತ್ರವೇ ಸೇರಿದ್ದರೂ ನನಗೆ ನಷ್ಟ ಆಗುತ್ತಿರಲಿಲ್ಲ. ಈ ಟೀಚರ್ ಅಳತೆ ಹೇಳುತ್ತಿದ್ದರು. ಕೃತಿಯನ್ನು ಎಲ್ಲಿ ಇಟ್ಟಿತ್ತು, ಕಣ್ಣಿನ ಮಟ್ಟಕ್ಕೆ ಇತ್ತಾ, ಬಗ್ಗಿ ನೋಡಬೇಕಿತ್ತಾ ಎಂದು ಹೇಳುತ್ತಿದ್ದರು. ರಾಜಕೀಯ ಎನ್ನುವ ಪದ ಅವರ ಬಾಯಲ್ಲಿ ಬಂದದ್ದು ತೀರ ಕಡಿಮೆ. ಆದರೂ ನೋಡಿದ್ದೆಲ್ಲ ರಾಜಕೀಯವೇ ಆಗಿತ್ತು.

ಇಷ್ಟು ಹೊತ್ತಿಗೆ ನನ್ನ ತೀರ್ಮಾನ ಗಟ್ಟಿಯಾಗಿತ್ತು. ಕೃತಿ ಮಾತಾಡುತ್ತೆ. ಕಲಾವಿದರು ಯಾರು ಎನ್ನುವ ಚೀಟಿ ಬೇಕಿಲ್ಲ. ಚೀಟಿ ಬೇಡ ಎಂದ ಎರಡನೆಯವರೇ ಸರಿ. 300 ಪದದ ಬರಹದಲ್ಲೂ ಹಾಗೇ ಬರೆದೆ. ಮೂರನೇ ವಾರ ಅದನ್ನು ಮುರಿಯಿತು.

ಮೂರನೇ ವಾರ ಪೂರ್ತಿ ಒಂದೇ ಕೃತಿಯ ಮೇಲೆ. ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ ಅವರ 1991ರ ಕೆಲಸ. ಕೋಣೆಯ ಮೂಲೆಯಲ್ಲಿ ಬಣ್ಣಬಣ್ಣದ ಕಾಗದ ಸುತ್ತಿದ ಮಿಠಾಯಿಯ ಒಂದು ರಾಶಿ. ನೋಡಲು ಬಂದವರು ಒಂದು ಮಿಠಾಯಿ ತೆಗೆದುಕೊಳ್ಳಬಹುದು. ತಿನ್ನಬಹುದು. ರಾಶಿ ಕರಗುತ್ತದೆ. ಮ್ಯೂಸಿಯಂ ಮತ್ತೆ ತುಂಬಿಸಬಹುದು. ಇಷ್ಟನ್ನು ಮಾತ್ರ ಹೇಳಿ ಟೀಚರ್ ವಿಡಿಯೊ ನಿಲ್ಲಿಸಿದರು. ನೋಡಿದ್ದನ್ನು ಬರೆಯಿರಿ ಎಂದರು. ನಾನು ಬರೆದೆ: ಖುಷಿ, ಮಕ್ಕಳು, ಹಂಚಿಕೊಳ್ಳುವುದು, ಬಣ್ಣ.

ಮುಂದಿನ ವಿಡಿಯೊದಲ್ಲಿ ಮಿಕ್ಕಿದ್ದನ್ನು ಹೇಳಿದರು. ಆ ಕೃತಿ ಲಾಸ್ ಏಂಜಲಿಸ್‌ನ ರಾಸ್ ಎಂಬುವರ ಭಾವಚಿತ್ರ. ಹೆಸರಿನಲ್ಲೇ ಹಾಗಿದೆ. ರಾಸ್ ಲೇಕಾಕ್ ಕಲಾವಿದರ ಸಂಗಾತಿ. 1991ರಲ್ಲೇ ಏಡ್ಸ್‌ನಿಂದ ತೀರಿಕೊಂಡರು. ರಾಶಿಯ ಆದರ್ಶ ತೂಕ 175 ಪೌಂಡ್ ಎಂದು ಕೃತಿಯ ವಿವರದಲ್ಲಿದೆ. ಸುಮಾರು 79 ಕಿಲೊ. ಅದನ್ನು ಆರೋಗ್ಯವಾಗಿದ್ದ ರಾಸ್ ಅವರ ಮೈತೂಕ ಎಂದು ಓದುತ್ತಾರೆ. ಒಂದೊಂದು ಮಿಠಾಯಿ ಹೋದ ಹಾಗೂ ಮೈ ಸಣ್ಣಗಾಗುತ್ತದೆ. ಕಾಯಿಲೆಯಲ್ಲಿ ಆದ ಹಾಗೇ. ಮತ್ತೆ ತುಂಬಿಸಿದಾಗ ಮೈ ಮರಳುತ್ತದೆ. ಕಲಾವಿದರೂ ಅದೇ ಕಾಯಿಲೆಯಲ್ಲಿ 1996ರಲ್ಲಿ ಹೋದರು. ಆಗ ಅವರಿಗೆ 38 ವರ್ಷ.

ನಾನು ಬರೆದದ್ದನ್ನು ಮತ್ತೆ ಓದಿದೆ. ಖುಷಿ, ಮಕ್ಕಳು. ಚೀಟಿ ಇಲ್ಲದೆ ನೋಡಿದಾಗ ನನಗೆ ಕಂಡದ್ದು ಅಷ್ಟೇ. "ಅರ್ಧ ಮಾತ್ರ ಕಾಣುತ್ತೆ ಮೇಡಂ" ಎಂದ ಮೊದಲನೆಯವರ ಮುಖ ಕಣ್ಣ ಮುಂದೆ ಬಂತು. ಅವರ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಂಡಿರಲೇ ಇಲ್ಲ.

ಟೀಚರ್ ಅಲ್ಲಿಗೂ ನಿಲ್ಲಿಸಲಿಲ್ಲ. ಈ ಕೃತಿ ಇರುವುದು ಶಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ. 2022ರಲ್ಲಿ ಅಲ್ಲಿನ ಗೋಡೆಯ ಚೀಟಿಯಲ್ಲಿ ಏಡ್ಸ್ ಎಂಬ ಪದ ಇರಲಿಲ್ಲ. ರಾಸ್ ಯಾರು, ಅವರಿಗೆ ಏನಾಯಿತು ಎನ್ನುವುದೂ ಇರಲಿಲ್ಲ. ನೋಡಿದವರು ಸಿಟ್ಟಾದರು, ಬರೆದರು, ಹಂಚಿದರು. ಮ್ಯೂಸಿಯಂ ಚೀಟಿ ತಿದ್ದಿತು. ಈ ಕಲಾವಿದರು ಬಹುತೇಕ ಎಲ್ಲ ಕೃತಿಗಳಿಗೂ 'ಶೀರ್ಷಿಕೆ ಇಲ್ಲ' ಎಂದೇ ಹೆಸರಿಟ್ಟವರು. ರಾಸ್ ಹೆಸರು ಇಲ್ಲಿ ಬರುವುದೂ ಅದರ ಪಕ್ಕದ ಕಂಸದೊಳಗೆ. ಅರ್ಥವನ್ನು ನೋಡುವವರಿಗೇ ಬಿಟ್ಟವರು. ಹಾಗಾಗಿ ಚೀಟಿ ಸಣ್ಣದಾಗಿರಲಿ ಎನ್ನುವವರ ವಾದದಲ್ಲೂ ಹುರುಳಿದೆ. ಆದರೆ ಒಂದು ಕಾಲದಲ್ಲಿ ಸಾವಿರಾರು ಜನ ಸಾಯುತ್ತಿದ್ದಾಗ, ಆ ಕಾಯಿಲೆಯ ಹೆಸರು ಹೇಳಲೂ ಜನ ಹಿಂಜರಿಯುತ್ತಿದ್ದಾಗ ಮಾಡಿದ ಕೃತಿ ಇದು. ಅದರ ಪಕ್ಕದ ಚೀಟಿಯಿಂದಲೇ ಆ ಹೆಸರು ಬಿಟ್ಟುಹೋದರೆ ರಾಸ್ ಇನ್ನೊಮ್ಮೆ ಇಲ್ಲವಾದಂತೆ ಅನ್ನಿಸುತ್ತದೆ. ನನಗೆ ಹಾಗೇ ಅನ್ನಿಸಿತು.

ಗಮನಿಸಿ, ಇಲ್ಲಿ ಟೀಚರ್ ಗುರುತನ್ನು ಮುಚ್ಚಿಡಲಿಲ್ಲ. ಮೊದಲೇ ಹೇಳಿ ಮುಗಿಸಲೂ ಇಲ್ಲ. ನೋಡಲು ಬಿಟ್ಟರು. ಆಮೇಲೆ ಹೇಳಿದರು. ಹೇಳಿದ್ದನ್ನು ಇಟ್ಟುಕೊಂಡು ಮತ್ತೆ ನೋಡಲು ಕಳಿಸಿದರು. ಮೊದಲ ವಾರದವರು ಇದನ್ನೇ ಪೈಪರ್ ಕಾರ್ಡಿಗೆ ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಸೇರುವ ಮುಂಚೆ ಒಂದು ಮಾದರಿ ವಿಡಿಯೊ ಸಿಕ್ಕರೆ ಇದನ್ನೇ ನೋಡಿ. ಕೃತಿ ಪರದೆಗೆ ಬರುವುದು ಎಷ್ಟನೇ ನಿಮಿಷಕ್ಕೆ? ಬಂದ ಮೇಲೆ ಎಷ್ಟು ಹೊತ್ತು ಇರುತ್ತೆ? ಈ ಎರಡರಲ್ಲಿ ಕೋರ್ಸ್ ಎಂಥದ್ದು ಅಂತ ಗೊತ್ತಾಗಿಬಿಡುತ್ತೆ.

ನಾಲ್ಕನೇ ವಾರ ಸಂಸ್ಥೆಗಳು ಮತ್ತು ಲೆಕ್ಕ. ಬೇಗ ಹೇಳಿ ಮುಗಿಸುತ್ತೇನೆ. ಗೆರಿಲ್ಲಾ ಗರ್ಲ್ಸ್ ತಂಡದ 1989ರ ಪೋಸ್ಟರ್ ಇತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಆಧುನಿಕ ಕಲಾ ವಿಭಾಗದಲ್ಲಿ ಮಹಿಳಾ ಕಲಾವಿದರು ನೂರಕ್ಕೆ 5ಕ್ಕಿಂತ ಕಡಿಮೆ, ಆದರೆ ಬೆತ್ತಲೆ ಚಿತ್ರಗಳಲ್ಲಿ ನೂರಕ್ಕೆ 85 ಹೆಣ್ಣಿನವು ಎಂಬ ಲೆಕ್ಕ. ಗೊರಿಲ್ಲಾ ಮುಖವಾಡ ಹಾಕಿಕೊಂಡು, ತಮ್ಮ ಹೆಸರು ಮುಚ್ಚಿಟ್ಟು, ಹೆಣ್ಣುಮಕ್ಕಳೆಂಬ ಗುರುತನ್ನು ಮಾತ್ರ ಎತ್ತಿ ಹಿಡಿದವರು. ನ್ಯೂಯಾರ್ಕಿನದೇ ವಿಟ್ನಿ ಮ್ಯೂಸಿಯಮ್ಮಿನ 1993ರ ದ್ವೈವಾರ್ಷಿಕ ಪ್ರದರ್ಶನದ ಬಗ್ಗೆಯೂ ಒಂದು ವಿಡಿಯೊ ಇತ್ತು. ಅಲ್ಲಿ ಒಳಗೆ ಬಿಡಲು ಕೊಡುವ ಪುಟ್ಟ ಬಿಲ್ಲೆಯನ್ನೇ ಡೇನಿಯಲ್ ಮಾರ್ಟಿನೆಸ್ ಕೃತಿ ಮಾಡಿದ್ದರು. ಬಿಳಿಯ ಆಗಬೇಕೆಂದು ನಾನು ಎಂದಾದರೂ ಬಯಸುವುದನ್ನು ಕಲ್ಪಿಸಿಕೊಳ್ಳಲೂ ಆಗದು ಎಂಬ ವಾಕ್ಯದ ತುಂಡುಗಳು ಒಂದೊಂದು ಬಿಲ್ಲೆಯ ಮೇಲೆ. ಬಂದವರೆಲ್ಲ ಅದನ್ನು ಎದೆಗೆ ಸಿಕ್ಕಿಸಿಕೊಂಡೇ ಓಡಾಡಬೇಕು. ನೋಡಲು ಬಂದವರ ಮೇಲೂ ಒಂದು ಚೀಟಿ! ಇದನ್ನು ಎರಡೇ ನಿಮಿಷದಲ್ಲಿ ಮುಗಿಸಿದ್ದು ಬೇಜಾರಾಯಿತು.

ಐದನೇ ವಾರದ ವಿಷಯ, ಯಾರ ನೋವನ್ನು ಯಾರು ಹೇಳಬಹುದು ಎನ್ನುವುದು. ವಿಡಿಯೊಗಳು ಚೆನ್ನಾಗಿದ್ದವು, ನೇರ ಮಾತುಕತೆ ಕೆಟ್ಟಿತು.

ಡೇನಾ ಶುಟ್ಸ್ ಎಂಬ ಬಿಳಿಯ ಕಲಾವಿದೆ 2016ರಲ್ಲಿ ಎಮೆಟ್ ಟಿಲ್ ಅವರ ಶವದ ಚಿತ್ರ ಬರೆದರು. 1955ರಲ್ಲಿ ಮಿಸಿಸಿಪಿಯಲ್ಲಿ ಬಿಳಿಯರು ಕೊಂದ 14 ವರ್ಷದ ಹುಡುಗ ಅವನು. ತನ್ನ ಮಗನಿಗೆ ಏನು ಮಾಡಿದ್ದಾರೆಂದು ಲೋಕ ನೋಡಲಿ ಎಂದು ತಾಯಿ ಮೇಮಿ ಟಿಲ್ ಶವಪೆಟ್ಟಿಗೆಯನ್ನು ತೆರೆದೇ ಇಡಿಸಿದ್ದರು. 2017ರ ವಿಟ್ನಿ ಪ್ರದರ್ಶನದಲ್ಲಿ ಶುಟ್ಸ್ ಅವರ ಚಿತ್ರ ತೂಗಿದಾಗ, ಪಾರ್ಕರ್ ಬ್ರೈಟ್ ಎಂಬ ಕಪ್ಪು ಕಲಾವಿದ ಅದರ ಎದುರು ಬೆನ್ನು ತೋರಿಸಿ ನಿಂತು ಅಡ್ಡವಾದರು. ಹ್ಯಾನಾ ಬ್ಲ್ಯಾಕ್ ಎಂಬ ಕಲಾವಿದೆ ಬಹಿರಂಗ ಪತ್ರ ಬರೆದು ಚಿತ್ರವನ್ನು ತೆಗೆಯಬೇಕು, ನಾಶವನ್ನೂ ಮಾಡಬೇಕು ಎಂದರು. ಕೋಕೊ ಫುಸ್ಕೊ ಎಂಬ ಇನ್ನೊಬ್ಬ ಕಲಾವಿದೆ ನಾಶ ಮಾಡಬೇಕೆಂಬ ಬೇಡಿಕೆ ತಪ್ಪು ಎಂದು ವಾದಿಸಿದರು. ಈ ಚಿತ್ರ ಮಾರಾಟಕ್ಕಿಲ್ಲ ಎಂದರು ಶುಟ್ಸ್. ಕೋರ್ಸ್‌ನವರು ಟಿಲ್ ಅವರ ಶವದ ಫೋಟೊ ತೋರಿಸಲಿಲ್ಲ. ಯಾಕೆ ತೋರಿಸುತ್ತಿಲ್ಲ ಎಂದು ಎರಡು ವಾಕ್ಯದಲ್ಲಿ ಹೇಳಿದರು. ಆ ಎಚ್ಚರ ನನಗೆ ಇಷ್ಟವಾಯಿತು.

ನನ್ನ ಮನಸ್ಸಿಗೆ ಇನ್ನೂ ಹೆಚ್ಚು ನಾಟಿದ್ದು ಸ್ಯಾಮ್ ಡ್ಯುರಂಟ್ ಅವರ ಮರದ ಕಟ್ಟಡ. ಅಮೆರಿಕದ ಚರಿತ್ರೆಯ ಹಲವು ಗಲ್ಲುಗಂಬಗಳ ಆಕಾರ ಸೇರಿಸಿ 2012ರಲ್ಲಿ ಮಾಡಿದ್ದು. 2017ರಲ್ಲಿ ಮಿನಿಯಾಪೊಲಿಸ್‌ನ ಶಿಲ್ಪ ಉದ್ಯಾನದಲ್ಲಿ ನಿಲ್ಲಿಸಿದರು. ಜನ ಮೆಟ್ಟಿಲು ಹತ್ತಿ ಓಡಾಡುವ ಹಾಗೆ ಕಟ್ಟಿದ್ದು. ಅದರಲ್ಲಿದ್ದ ಒಂದು ಆಕಾರ 1862ರಲ್ಲಿ ಅದೇ ರಾಜ್ಯದ ಮ್ಯಾಂಕಾಟೊದಲ್ಲಿ, ಅಲ್ಲಿನ ಮೂಲನಿವಾಸಿಗಳಾದ 38 ಡಕೋಟಾ ಜನರನ್ನು ಒಂದೇ ದಿನ ಗಲ್ಲಿಗೆ ಹಾಕಿದ ಕಂಬದ್ದು. ಡಕೋಟಾ ಜನರನ್ನು ಯಾರೂ ಮುಂಚೆ ಕೇಳಿರಲಿಲ್ಲ. ಅವರು ಬೇಲಿಯ ಹೊರಗೆ ಬಂದು ನಿಂತರು. ಮಾತುಕತೆ ಆಯಿತು. ಡ್ಯುರಂಟ್ ಕೃತಿಯ ಹಕ್ಕನ್ನೇ ಡಕೋಟಾ ಜನರಿಗೆ ಬಿಟ್ಟುಕೊಟ್ಟರು. ಮರವನ್ನು ಬಿಚ್ಚಿದರು. ಮೊದಲು ಸುಡುವ ಮಾತಿತ್ತು, ಆಮೇಲೆ ಹಿರಿಯರು ಹೂಳುವ ತೀರ್ಮಾನ ಮಾಡಿದರು.

ನನ್ನ ಕೈಯಲ್ಲಿ ದಿನಾ ಮರ ಓಡಾಡುತ್ತದೆ. ಒಂದು ಬೀಡಿಂಗ್ ತುಂಡು ಹಾಳಾದರೂ ಸಂಕಟವಾಗುತ್ತದೆ. ಅಷ್ಟು ದೊಡ್ಡ ಕಟ್ಟಡವನ್ನು ಮಾಡಿದವರೇ ಬಿಚ್ಚಲು ಒಪ್ಪಿದರು ಎನ್ನುವುದನ್ನು ಕೇಳಿ ಸೋಲು ಅನ್ನಿಸಲಿಲ್ಲ. ಶುಟ್ಸ್ ಅವರ ಚಿತ್ರವನ್ನು ನಾಶ ಮಾಡಬೇಕು ಎನ್ನುವುದನ್ನು ನಾನು ಇವತ್ತೂ ಒಪ್ಪುವುದಿಲ್ಲ. ಆದರೆ ಕೇಳದೆ ನಿಲ್ಲಿಸಿದ್ದನ್ನು, ಕೇಳಿಸಿಕೊಂಡ ಮೇಲೆ ಇಳಿಸುವುದು ಬೇರೆ. ಇದನ್ನು ಮಾತಾಡಬೇಕು ಅಂತ ಎಷ್ಟು ಆಸೆಯಿಂದ ಆ ವಾರದ ನೇರ ಮಾತುಕತೆಗೆ ಕೂತಿದ್ದೆ.

ಅಲ್ಲಿ ನಡೆಸುವವರು ಮೊದಲೇ ಒಂದು ನಿಯಮ ಹಾಕಿದರು. ಮಾತಾಡುವ ಮುಂಚೆ ಪ್ರತಿಯೊಬ್ಬರೂ ತಾವು ಯಾವ ಗುರುತಿನಿಂದ ಮಾತಾಡುತ್ತಿದ್ದೇವೆ ಎಂದು ಹೇಳಬೇಕು. ಪರದೆಯ ಮೇಲೆ ಒಂದು ಪಟ್ಟಿ ಬಂತು. ಬಣ್ಣ, ಲಿಂಗ, ಲೈಂಗಿಕತೆ, ದೇಶ, ಧರ್ಮ. ಒಂದು ಗಂಟೆಯಲ್ಲಿ 40 ನಿಮಿಷ ಇದಕ್ಕೇ ಹೋಯಿತು. ಒಬ್ಬರು ತಮ್ಮ ಬಗ್ಗೆ ಹೇಳಿಕೊಳ್ಳಲು ಇಷ್ಟವಿಲ್ಲ ಎಂದರು. ನಡೆಸುವವರು ಸೌಮ್ಯವಾಗಿಯೇ ಮತ್ತೆ ಕೇಳಿದರು. ಆ ವ್ಯಕ್ತಿಯ ಕಿಟಕಿ ಪರದೆಯಿಂದ ಮಾಯವಾಯಿತು. ಮುಂದಿನ ವಾರ ಬರಲೂ ಇಲ್ಲ. ಯಾರನ್ನೋ ಅವರ ಗುರುತಿಗಾಗಿ ಹೊರಗಿಟ್ಟ ಕತೆಗಳನ್ನು ಐದು ವಾರ ಓದಿದವರು ನಾವು. ಗುರುತು ಹೇಳಿಕೊಳ್ಳದವರು ನಮ್ಮ ನಡುವಿನಿಂದಲೇ ಎದ್ದು ಹೋದದ್ದು ನನಗೆ ತುಂಬ ನೋವು ಮಾಡಿತು. ಹೇಳಿಕೊಳ್ಳುವುದು ಹಕ್ಕು. ಹೇಳದೆ ಇರುವುದೂ ಹಕ್ಕು. ಎರಡೂ ಅವರವರ ಕೈಯಲ್ಲಿರಬೇಕು.

ನನ್ನ ಸರದಿ ಬಂದಾಗ, ಫ್ರೇಮ್ ಹಾಕುವವಳು ಎಂದೆ. ಅದು ಪಟ್ಟಿಯಲ್ಲಿ ಇರಲಿಲ್ಲ.

ಈ ಕೋರ್ಸಿನ ದೊಡ್ಡ ಕೊರತೆ ನನಗೆ ಕಂಡದ್ದು ಅಲ್ಲೇ. ದುಡಿಮೆ ಎನ್ನುವುದು ಆರು ವಾರದಲ್ಲಿ ಎಲ್ಲೂ ಗುರುತಾಗಿ ಬರಲಿಲ್ಲ. ಕಲೆಯಲ್ಲಿ ಅದು ಇಲ್ಲ ಅಂತಲ್ಲ. ಇದೇ ಫ್ರೆಡ್ ವಿಲ್ಸನ್ 1991ರಲ್ಲಿ ಮಾಡಿದ ಒಂದು ಕೆಲಸವಿದೆ. ಮ್ಯೂಸಿಯಂ ಕಾವಲುಗಾರರ ಸಮವಸ್ತ್ರ ತೊಟ್ಟ ನಾಲ್ಕು ಕಪ್ಪು ಬೊಂಬೆಗಳು. ಯಾವುದಕ್ಕೂ ತಲೆ ಇಲ್ಲ. ದಿನವಿಡೀ ಚಿತ್ರಗಳ ಪಕ್ಕದಲ್ಲೇ ನಿಲ್ಲುವವರನ್ನು ಯಾರೂ ನೋಡುವುದಿಲ್ಲ ಎನ್ನುವುದನ್ನು ಇದಕ್ಕಿಂತ ಸರಳವಾಗಿ ಹೇಗೆ ಹೇಳುವುದು? ಮಿಯರ್ಲ್ ಲೇಡರ್‌ಮನ್ ಯೂಕಲಿಸ್ ಎಂಬ ಕಲಾವಿದೆ 1979–80ರಲ್ಲಿ ನ್ಯೂಯಾರ್ಕಿನ ಸುಮಾರು 8,500 ಪೌರಕಾರ್ಮಿಕರ ಬಳಿಗೆ ಹೋಗಿ, ಒಬ್ಬೊಬ್ಬರ ಕೈಕುಲುಕಿ, ಈ ನಗರವನ್ನು ಬದುಕಿಸಿ ಇಟ್ಟಿದ್ದಕ್ಕೆ ಥ್ಯಾಂಕ್ಸ್ ಎಂದರು. ಆ ಕೈಕುಲುಕುವುದೇ ಕೃತಿ. ಇವೆರಡನ್ನೂ ನಾನು ಬೇರೆ ಕಡೆ ಓದಿ ತಿಳಿದಿದ್ದು. ಇವುಗಳಿಗೆ ಅರ್ಧ ವಾರವಾದರೂ ಕೊಡಿ ಎಂದು ತಂಡಕ್ಕೆ ಬರೆದಿದ್ದೇನೆ.

ಆರನೇ ವಾರ ಬಟ್ಟೆ ಮತ್ತು ವೇಷ. ಇಂಕಾ ಶೋನಿಬಾರೆ ಅವರ ಬೊಂಬೆಗಳು ತೊಟ್ಟ ಬಣ್ಣದ ಬಟ್ಟೆ ನೋಡಿದವರೆಲ್ಲ ಆಫ್ರಿಕಾದ್ದು ಎನ್ನುತ್ತಾರೆ. ಅದರ ವಿನ್ಯಾಸ ಇಂಡೋನೇಷ್ಯಾದ ಬಾಟಿಕ್‌ನಿಂದ ಬಂದದ್ದು. ಯಂತ್ರದಲ್ಲಿ ತಯಾರಿಸಿದವರು ಡಚ್ಚರು. ಮಾರಾಟವಾದದ್ದು ಪಶ್ಚಿಮ ಆಫ್ರಿಕಾದಲ್ಲಿ. ಕಲಾವಿದರು ಕೊಂಡು ತಂದದ್ದು ಲಂಡನ್ನಿನ ಮಾರುಕಟ್ಟೆಯಿಂದ. ಯಾವುದು ಯಾರ ಗುರುತು ಅಂತ ಆ ಒಂದು ಗಜ ಬಟ್ಟೆಯನ್ನೇ ಕೇಳಬೇಕು. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಫೋಟೊಗ್ರಾಫರ್ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ಫೋಟೊಗಳೂ ಇದ್ದವು. ದಕ್ಷಿಣ ಭಾರತದ ಹೆಣ್ಣುಗಳೆಂದು ಹಳೆಯ ಚಿತ್ರಗಳು, ಫೋಟೊಗಳು ತೋರಿಸಿದ ಒಂದೊಂದು ವೇಷವನ್ನೂ ಪುಷ್ಪಮಾಲಾ ಅವರೇ ತೊಟ್ಟು, ಅದೇ ಭಂಗಿಯಲ್ಲಿ ನಿಂತಿದ್ದಾರೆ. ಲೂನಾ ಅವರ ಮರಳಿನ ಪೆಟ್ಟಿಗೆಯ ಪಕ್ಕ ಇವನ್ನು ಇಟ್ಟು ನೋಡಬೇಕಿತ್ತು. ನಾಲ್ಕು ವಾರದ ಅಂತರದಲ್ಲಿ ಬಂದದ್ದರಿಂದ ಆ ಸಂಬಂಧ ಯಾರಿಗೂ ಹೊಳೆಯಲಿಲ್ಲ ಅನ್ನಿಸುತ್ತೆ.

ಇನ್ನು ವ್ಯವಸ್ಥೆಯ ವಿಷಯ. ಧ್ವನಿ ಸ್ಪಷ್ಟ. ಫೋಟೊಗಳನ್ನು ದೊಡ್ಡದು ಮಾಡಿ ನೋಡಬಹುದು, ಅದು ತುಂಬ ಉಪಯೋಗ. ಅಡಿಬರಹ ಮಾತ್ರ ತಾನಾಗಿ ತಯಾರಾದದ್ದು. ಕಲಾವಿದರ ಹೆಸರುಗಳೇ ಅದರಲ್ಲಿ ತಪ್ಪು. ಗುರುತಿನ ಬಗ್ಗೆ ಕಲಿಸುವ ಕೋರ್ಸಿನಲ್ಲಿ ಹೆಸರು ತಪ್ಪಾಗಿ ಬರಬಾರದು. ಬರಹಗಳಿಗೆ ಟೀಚರ್ ಉತ್ತರ ಬರೆಯುತ್ತಾರೆ ಎಂದಿದ್ದರು. ನನ್ನ ಆರು ಬರಹಗಳಲ್ಲಿ ಎರಡಕ್ಕೆ ಮಾತ್ರ ಬಂತು. ಎರಡೂ ಎರಡನೇ ವಾರದ ಆ ಟೀಚರ್ ಬರೆದದ್ದು. ಒಂದರಲ್ಲಿ, ಚೀಟಿ ಬೇಡ ಎಂದು ಬರೆದಿದ್ದೀರಿ, ಸರಿ, ಆದರೆ ವಿಲ್ಸನ್ ಅವರ ಪೆಟ್ಟಿಗೆಯಿಂದ 'ಲೋಹದ ಕೆಲಸ' ಎನ್ನುವ ಚೀಟಿ ತೆಗೆದರೆ ಏನು ಉಳಿಯುತ್ತೆ ಎಂದು ಕೇಳಿದ್ದರು. ಆ ಒಂದು ಸಾಲಿನ ಮೇಲೆ ನಾನು ನಾಲ್ಕು ದಿನ ಯೋಚಿಸಿದೆ.

ಸೇರಬಹುದಾ? ನೋಡುವ ಅಭ್ಯಾಸ ಇದ್ದು, ಓದುವ ಅಭ್ಯಾಸ ಕಡಿಮೆ ಇರುವವರು ಖಂಡಿತ ಸೇರಿ. ಎರಡು ಮತ್ತು ಮೂರನೇ ವಾರ ಬಿಡಬೇಡಿ. ಕಲಾ ಶಾಲೆಯಲ್ಲಿ ಓದಿದವರಿಗೆ ಮೊದಲ ಮತ್ತು ನಾಲ್ಕನೇ ವಾರದಲ್ಲಿ ಹೊಸದು ಜಾಸ್ತಿ ಸಿಗಲಿಕ್ಕಿಲ್ಲ. ನೇರ ಮಾತುಕತೆಯಲ್ಲಿ ನಿಮ್ಮ ಬಗ್ಗೆ ಹೇಳಿಕೊಳ್ಳಲು ಇಷ್ಟವಿಲ್ಲದಿದ್ದರೆ ಅದಕ್ಕೆ ಅವಕಾಶ ಇದೆಯಾ ಎಂದು ಮೊದಲೇ ಬರೆದು ಕೇಳಿ. ನಾನು ಬರೆದ ಮೇಲೆ, ಮುಂದಿನ ಸಲ ಆ ನಿಯಮ ಬಿಡುತ್ತೇವೆ ಎಂದು ಉತ್ತರ ಬಂದಿದೆ. ಬಿಟ್ಟಿದ್ದರೆ ಒಳ್ಳೆಯದು.

ಚೀಟಿ ಕೇಳಿದ ಕಲಾವಿದರು ಹೋದ ತಿಂಗಳು ಮತ್ತೆ ಬಂದಿದ್ದರು. ಈ ಸಲ ನಾಲ್ಕು ಚಿತ್ರ. ಚೀಟಿಯಲ್ಲಿ ಏನು ಬರಬೇಕು, ಯಾವುದು ಮೊದಲು ಬರಬೇಕು ಎಂದು ನಾನೇ ಕೇಳಿದೆ. ಅವರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ನಾಲ್ಕನೇ ಚಿತ್ರಕ್ಕೆ ಬಂದಾಗ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತು, "ಇದಕ್ಕೆ ನನ್ನ ಹೆಸರೊಂದೇ ಸಾಕು" ಎಂದರು. ಹಾಗೇ ಬರೆದೆ.